ಮಾಸು ಎತ್ತುವವರು

ಮರಿ ಹಾಕಿದ ಮೇಲೂ ಮಾಸು ಬೀಳದ ಕುರಿಯ ಹೊಟ್ಟೆಗೆ ಕೈ ಹಾಕಿ ಅದನ್ನು ಬಿಡಿಸಿ ತೆಗೆಯುವುದು ಹದಿನೇಳು ವರ್ಷ ನನ್ನ ಕೆಲಸವಾಗಿತ್ತು. ಬರಿಗೈ. ಮೊಣಕೈವರೆಗೆ. ಒಳಗೆ ಬಿಸಿ. ಜಾರುತ್ತದೆ. ಜೋರಾಗಿ ಎಳೆದರೆ ಹರಿಯುತ್ತದೆ. ಹರಿದರೆ ಕುರಿ ಸಾಯುತ್ತದೆ. ಕುರಿ ಸತ್ತರೆ ಮ್ಯಾನೇಜರು ನಮ್ಮ ಹೆತ್ತವರನ್ನೆಲ್ಲ ಎಳೆದು ತಂದು ಬೈಯುತ್ತಾರೆ. ಅದಕ್ಕೆ ಉಸಿರು ಬಿಗಿಹಿಡಿದು, ಬೆರಳ ತುದಿಯಲ್ಲಿ ಒಂದೊಂದೇ ಅಂಟು ಬಿಡಿಸಬೇಕು. ಬಿಡಿಸಿದ್ದನ್ನು ಬಕೆಟ್ಟಿಗೆ ಹಾಕಬೇಕು. ಬಕೆಟ್ಟನ್ನು ಹೊತ್ತು ಗುಂಡಿಗೆ ಸುರಿಯಬೇಕು. ಕೈ ತೊಳೆಯುವುದಕ್ಕೆ ನಮಗೆ ಬೇರೆ ನಲ್ಲಿ. ಆ ನಲ್ಲಿಯಲ್ಲಿ ಅರ್ಧ ದಿನ ನೀರಿಲ್ಲ.

ಕುರಿ ಫಾರ್ಮು ದೊಡ್ಡದು. ಎಂಟು ಶೆಡ್ಡು. ಕೆಲಸಕ್ಕೆ ನಲವತ್ತು ಹೆಣ್ಣಾಳು. ಗೊಬ್ಬರದ ಗುಡ್ಡೆಯ ಹಿಂದೆ ನಮ್ಮ ಸಾಲುಮನೆ. ಫಾರ್ಮಿನದೇ ಮನೆ, ಕೆಲಸ ಬಿಟ್ಟರೆ ಮನೆಯೂ ಬಿಡಬೇಕು. ಆಫೀಸಿನ ಒಳಗೆ ನಮಗೆ ಜಾಗವಿಲ್ಲ. ಏನಿದ್ದರೂ ಕಿಟಕಿಯಲ್ಲೇ. ಬಸ್ಸು ಹತ್ತಿದರೆ ಪಕ್ಕದ ಸೀಟು ತಾನಾಗಿ ಖಾಲಿಯಾಗುತ್ತದೆ. ನಮ್ಮಲ್ಲೊಬ್ಬಳಿದ್ದಾಳೆ, ಬಾಯಿ ಮುಚ್ಚದವಳು, ಅವಳಿಗೆ ನಾವು ಗಿಣಿ ಅಂತಲೇ ಹೆಸರಿಟ್ಟಿದ್ದೆವು. ಅವಳು ಹೇಳುತ್ತಿದ್ದಳು: "ಒಳ್ಳೇದೇ ಆಯ್ತು ಬಿಡಿ, ನಮಗೆ ಯಾವಾಗಲೂ ಕೂರೋಕೆ ಜಾಗ ಸಿಗುತ್ತೆ, ಕಾಲು ಚಾಚಿಕೊಂಡು ಹೋಗಬಹುದು."

ನನ್ನನ್ನು ದೊಡ್ಡಕ್ಕ ಅನ್ನುತ್ತಿದ್ದರು. ನಾನು ಮೇಸ್ತ್ರಿ. ಯಾರು ಯಾವ ಶೆಡ್ಡಿಗೆ ಅನ್ನುವುದು ನನ್ನ ಬೆರಳಲ್ಲಿತ್ತು. ಬೆಳಿಗ್ಗೆ ಏಳಕ್ಕೆ ಗೇಟಿನ ಬಳಿ ನಿಂತು ತೋರಿಸುತ್ತಿದ್ದೆ. ನೀನು ಒಂದು. ನೀನು ಆರು. ನೀನು ನಾಲ್ಕು. ಇಷ್ಟು ಸಣ್ಣ ಅಧಿಕಾರ. ಅದರಲ್ಲಿ ನಾನು ಏನು ಮಾಡಿದೆ ಅನ್ನುವುದನ್ನೇ ಈಗ ಹೇಳುತ್ತಿರುವುದು.

ಆ ವರ್ಷ ಮರಿ ಹಾಕುವ ಕಾಲದಲ್ಲಿ ನಾಲ್ಕನೇ ಶೆಡ್ಡಿನ ಕುರಿಗಳು ಕಂದು ಹಾಕತೊಡಗಿದವು. ದಿನ ತುಂಬುವ ಮೊದಲೇ ಸತ್ತ ಮರಿ ಬೀಳುತ್ತಿತ್ತು. ಮೊದಲ ದಿನ ಮೂರು. ಮಾರನೇ ದಿನ ಒಂಬತ್ತು. ವಾರದಲ್ಲಿ ಎಣಿಸುವುದನ್ನು ಬಿಟ್ಟೆವು. ಮಾಸು ಎಂದಿನಂತಿರಲಿಲ್ಲ. ದಪ್ಪಗೆ, ಹಳದಿ ತಿರುಗಿ, ಚರ್ಮದ ಹಾಗೆ ಗಡುಸಾಗಿತ್ತು. ಬಕೆಟ್ಟಿನ ಮೇಲೆ ಬಕೆಟ್ಟು ಹೊತ್ತೆವು. ಗುಂಡಿ ತುಂಬಿತು. ಉಳಿದದ್ದು ಹುಲ್ಲಿನಲ್ಲೇ ಒಣಗಿತು. ಒಣಗಿದ ಹುಲ್ಲನ್ನು ಗುಡಿಸುವಾಗ ಶೆಡ್ಡಿನ ತುಂಬ ದೂಳು ಎದ್ದು ನಿಲ್ಲುತ್ತಿತ್ತು.

ಕುರಿ ಡಾಕ್ಟರು ಬಂದರು. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು. ಮೂಗಿಗೆ ಮಾಸ್ಕು. ಎರಡೆರಡು ಜೊತೆ ಕೈಗವಸು.

"ಚಂದ್ರಲೋಕಕ್ಕೆ ಹೊರಟಂಗಿದೆ ಸಾಹೇಬ್ರು" ಅಂದಳು ಗಿಣಿ.

ನಾವು ನಕ್ಕೆವು. ನಗುತ್ತಾ ಬರಿಗೈಯಲ್ಲಿ ಮಾಸು ಎತ್ತಿ ಅವರ ಬಾಟಲಿಗೆ ಹಾಕಿಕೊಟ್ಟೆವು.

ಎಂಟು ದಿನ ಬಿಟ್ಟು ಅವರು ಮತ್ತೆ ಬಂದರು. ನೀರಿನ ಟ್ಯಾಂಕಿನ ಹಿಂದೆ ಮ್ಯಾನೇಜರ ಜೊತೆ ನಿಂತಿದ್ದರು. ನನ್ನನ್ನು ಕರೆದರು.

"ನೋಡಮ್ಮ, ಇದು ಕುರಿಯಿಂದ ಮನುಷ್ಯರಿಗೆ ಬರೋ ಜ್ವರ" ಅಂದರು ಡಾಕ್ಟರು. "ಕ್ಯೂ ಜ್ವರ ಅಂತಾರೆ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಮಾಸಲ್ಲಿ ಕೋಟಿಗಟ್ಟಲೆ ಇರುತ್ತೆ. ಒಣಗಿದರೂ ಸಾಯಲ್ಲ, ದೂಳಲ್ಲಿ ಸೇರಿ ಉಸಿರಿಗೆ ಹೋಗುತ್ತೆ. ಬಸುರಿಯರು ಯಾರಾದರೂ ಇದ್ದರೆ ಆ ಶೆಡ್ಡಿನ ಹತ್ತಿರಕ್ಕೂ ಬಿಡಬೇಡ. ಮಗು ಉಳಿಯೋದು ಕಷ್ಟ. ಉಳಿದವರಿಗೆಲ್ಲ ಮಾಸ್ಕು, ಕೈಗವಸು ಬೇಕೇಬೇಕು."

"ಆಯ್ತು ಡಾಕ್ಟ್ರೇ, ನೋಡ್ಕೋತೀವಿ" ಅಂದರು ಮ್ಯಾನೇಜರು.

ಡಾಕ್ಟರ ಗಾಡಿ ಗೇಟು ದಾಟಿತು. ಮ್ಯಾನೇಜರು ಕರ್ಚೀಫಿನಿಂದ ಮೂಗು ಮುಚ್ಚಿಕೊಂಡೇ ನನ್ನ ಕಡೆ ತಿರುಗಿದರು.

"ಕೇಳಿಸಿಕೊಂಡೆಯಲ್ಲ? ಈಗ ಮರೆತುಬಿಡು. ಇದು ಹೊರಗೆ ಬಿದ್ದರೆ ಫಾರ್ಮಿಗೆ ಬೀಗ ಹಾಕ್ತಾರೆ. ನಲವತ್ತು ಮನೆ ಬೀದಿಗೆ ಬರುತ್ತೆ. ಬೀದಿಗೆ ತಂದವಳು ನೀನು ಅಂತಾರೆ. ನಿನ್ನ ತಂಗಿ ಬಸುರಿ ಅಲ್ವಾ? ಅವಳನ್ನ ಎಲ್ಲಿಗಾದರೂ ಹಾಕ್ಕೋ. ನಾನು ಕೇಳಲ್ಲ."

ಹೌದು, ತಂಗಿ ಬಸುರಿ. ಐದು ತಿಂಗಳು. ಮದುವೆಯಾಗಿ ಎಂಟು ವರ್ಷಕ್ಕೆ ನಿಂತ ಬಸಿರು. ಅಮ್ಮ ತೀರಿಕೊಂಡಾಗ ಅವಳಿಗೆ ನಾಲ್ಕು ವರ್ಷ. ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು ನಾನು. ನಾಲ್ಕನೇ ಶೆಡ್ಡಿನ ಹುಲ್ಲು ಗುಡಿಸುತ್ತಿದ್ದವಳು ಅವಳೇ.

ಬಸುರಿ ಇನ್ನೊಬ್ಬಳೂ ಇದ್ದಳು. ಅದು ನನಗೊಬ್ಬಳಿಗೇ ಗೊತ್ತಿತ್ತು. ಸಾಲಿನ ಕಟ್ಟಕಡೆಯ ಮನೆಯವಳು. ವರ್ಷದ ಹಿಂದೆ ಗಂಡನ ಜೊತೆ ಎಲ್ಲಿಂದಲೋ ಬಂದವಳು. ನಾವು ಕೊನೆಮನೆಯವಳು ಅನ್ನುತ್ತಿದ್ದೆವು, ಅವಳೂ ಓಗೊಡುತ್ತಿದ್ದಳು. ತಿಂಗಳ ಹಿಂದೆ ಒಂದು ಸಂಜೆ ನಲ್ಲಿಯ ಹತ್ತಿರ ಬಂದು ನನ್ನ ಕಿವಿಯಲ್ಲಿ ಹೇಳಿದ್ದಳು. "ಅಕ್ಕಾ, ನನಗೆ ಮೂರು ತುಂಬಿತು. ಯಾರಿಗೂ ಹೇಳಬೇಡಿ. ಗೊತ್ತಾದರೆ ಮನೆಗೆ ಕಳಿಸ್ತಾರೆ. ನಿಮ್ಮ ತಂಗಿಗೆ ನೀವಿದ್ದೀರಿ, ನನಗ್ಯಾರಿದ್ದಾರೆ?" ಬಸುರಿಯರನ್ನು ಕೆಲಸದಿಂದ ತೆಗೆಯುವುದು ಫಾರ್ಮಿನ ರೂಢಿ. ತಂಗಿ ಉಳಿದದ್ದು ಮೇಸ್ತ್ರಿಯ ತಂಗಿ ಅಂತ. ನಾನು ಅವಳ ತಲೆ ಸವರಿ, ಆಯ್ತು ಕಣೇ, ಹೇಳಲ್ಲ ಅಂದಿದ್ದೆ.

ಮಾರನೇ ಬೆಳಿಗ್ಗೆ ಗೇಟಿನಲ್ಲಿ ನಿಂತೆ. ತಂಗಿಯ ಕಡೆ ಬೆರಳು ತೋರಿಸಿದೆ. "ನೀನು ರಸ್ತೆ ಆಚೆ ಮೇವಿನ ಗೋದಾಮಿಗೆ."

"ಯಾಕಕ್ಕ?" ಅಂದಳು.

"ಬಗ್ಗಿ ಗುಡಿಸಬಾರದು ನೀನು. ಹೋಗು."

ನಾಲ್ಕನೇ ಶೆಡ್ಡಿಗೆ ಆರು ಜನ ಬೇಕು. ಒಬ್ಬಳು ಕಡಿಮೆಯಾದಳು. ಸಾಲನ್ನು ನೋಡಿದೆ. ಒಬ್ಬೊಬ್ಬರ ಹಿಂದೆಯೂ ಯಾರೋ ಇದ್ದರು. ಇವಳಿಗೆ ಜಗಳಗಂಟಿ ಅತ್ತೆ. ಅವಳಿಗೆ ಮೂವರು ಅಣ್ಣಂದಿರು. ಗಿಣಿಗೆ ಅವಳ ಬಾಯಿ. ಏನಾದರೂ ಆದರೆ ಬಂದು ನನ್ನ ಕೊರಳಪಟ್ಟಿ ಹಿಡಿಯುವವರು. ಕೊನೆಮನೆಯವಳ ಹಿಂದೆ ಮಾತ್ರ ಯಾರೂ ಇರಲಿಲ್ಲ.

ನನ್ನ ಬೆರಳು ಅಲ್ಲಿಗೆ ಹೋಯಿತು. ತಾನಾಗಿ ಹೋಯಿತು ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಇಲ್ಲ. ನಾನೇ ಒಯ್ದೆ.

ಅವಳು ನನ್ನನ್ನು ನೋಡಿದಳು. ಬಸುರಿ ಅಂತ ಎಲ್ಲರ ಮುಂದೆ ಹೇಗೆ ಹೇಳಿಯಾಳು? ನಾನು ಬೇರೆ ಕಡೆ ನೋಡಿದೆ. ಅವಳು ತಲೆಗೆ ಬಟ್ಟೆ ಬಿಗಿದುಕೊಂಡು ನಡೆದಳು.

ಏಳು ವಾರ ಗುಡಿಸಿದಳು. ಮಾಸು ಎತ್ತಿದಳು. ಅಷ್ಟೂ ದಿನ ನಾನು ನಾಳೆ ಬದಲಾಯಿಸೋಣ ಅಂದುಕೊಂಡೆ. ನಾಳೆ ಕಂದು ಹಾಕುವುದು ನಿಲ್ಲಬಹುದು. ನಾಳೆ ಡಾಕ್ಟರು ಮತ್ತೆ ಬರಬಹುದು. ಎಲ್ಲರಿಗೂ ಹತ್ತುತ್ತದೆ ಅಂತೇನಿಲ್ಲವಲ್ಲ. ನನ್ನ ಕೈಗೆ ಹದಿನೇಳು ವರ್ಷದಿಂದ ಏನೂ ಆಗಿಲ್ಲವಲ್ಲ. ಹೀಗೆ ದಿನಕ್ಕೊಂದು ಸಬೂಬು. ಮಧ್ಯಾಹ್ನ ತಂಗಿ ಗೋದಾಮಿನ ನೆರಳಿನಲ್ಲಿ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದಳು. ಅವಳನ್ನು ದೂರದಿಂದ ನೋಡಿದರೆ ಎದೆ ಹಗುರಾಗುತ್ತಿತ್ತು. ಹಿಂದೆಯೇ ನಾಲ್ಕನೇ ಶೆಡ್ಡಿನ ಕಡೆಯಿಂದ ಕೆಮ್ಮು ಕೇಳಿಸುತ್ತಿತ್ತು.

ಐದನೇ ವಾರ ಕೊನೆಮನೆಯವಳಿಗೆ ಜ್ವರ. "ತಲೆ ಸಿಡಿದು ಹೋಗ್ತಿದೆ ಅಕ್ಕ, ಕಣ್ಣಿನ ಹಿಂದೆ ಯಾರೋ ಮೊಳೆ ಹೊಡೆದಂಗೆ" ಅಂದಳು. ಫಾರ್ಮಿನ ಕಂಪೌಂಡರು ಜ್ವರದ ಮಾತ್ರೆ ಕೊಟ್ಟು ಕಳಿಸಿದ. ಎರಡು ದಿನ ಮಲಗಿದಳು. ಮೂರನೇ ದಿನ ಬರದಿದ್ದರೆ ಮನೆ ಖಾಲಿ ಮಾಡಿಸುತ್ತಾರೆ. ಬಂದಳು. ನಾನು ಅವಳನ್ನು ಮತ್ತೆ ನಾಲ್ಕಕ್ಕೇ ಕಳಿಸಿದೆ. ಬದಲಾಯಿಸಿದರೆ ಯಾಕೆ ಅಂತ ಕೇಳುತ್ತಾರೆ. ಒಂದು ಸಲ ಮುಚ್ಚಿಟ್ಟ ಮೇಲೆ ಮುಚ್ಚಿಡುವುದೇ ಕೆಲಸವಾಯಿತು.

ಏಳನೇ ವಾರ. ಬೆಳಿಗ್ಗೆ ಹನ್ನೊಂದು ಗಂಟೆ. ಶೆಡ್ಡಿನಿಂದ ಗಿಣಿ ಕೂಗಿದಳು. ಓಡಿದೆ. ಕೊನೆಮನೆಯವಳು ಹುಲ್ಲಿನ ಮೇಲೆ ಬಿದ್ದಿದ್ದಳು. ಸುತ್ತ ಕುರಿಗಳು ನಿಂತಿದ್ದವು. ರಕ್ತ. ಗಿಣಿ ಅವಳ ತಲೆ ಹಿಡಿದುಕೊಂಡಳು. ನಾನು ಮಂಡಿಯೂರಿದೆ. ಆಂಬುಲೆನ್ಸು ಬರುವವರೆಗೆ ಅದು ಕಾಯಲಿಲ್ಲ. ನನ್ನ ಕೈಗೇ ಬಂತು. ಆರು ತಿಂಗಳ ಹೆಣ್ಣುಕೂಸು. ಬೆರಳುಗಳೆಲ್ಲ ಮೂಡಿದ್ದವು. ಉಗುರೂ ಇತ್ತು.

"ಅಳ್ತಿಲ್ಲ ಯಾಕೆ?" ಅಂದಳು ಕೊನೆಮನೆಯವಳು.

ಗಿಣಿ ಮುಖ ಆ ಕಡೆ ತಿರುಗಿಸಿದಳು.

"ಅಕ್ಕಾ, ಅಳಿಸಿ ಅದನ್ನ. ಬೆನ್ನು ತಟ್ಟಿ."

ನಾನು ತಟ್ಟಿದೆ. ಗೊತ್ತಿದ್ದೂ ತಟ್ಟಿದೆ. ಆಮೇಲೆ ಮಾಸು ಬಂತು. ದಪ್ಪಗೆ, ಹಳದಿ ತಿರುಗಿದ್ದು. ಅಂಥದ್ದನ್ನು ಆ ಎರಡು ತಿಂಗಳಲ್ಲಿ ನೂರಾರು ಎತ್ತಿದ್ದೆ. ಇದನ್ನು ಬಕೆಟ್ಟಿಗೆ ಹಾಕಲಿಲ್ಲ.

ಆಸ್ಪತ್ರೆಯಲ್ಲಿ ಮೂರು ದಿನ ಅವಳ ಜೊತೆ ಇದ್ದೆ. ಹಾಲು ಇಳಿಯಿತು. ಕುಡಿಯುವುದಕ್ಕೆ ಮಗುವಿಲ್ಲ. ಎದೆ ಕಲ್ಲಾಗಿ ನರಳುತ್ತಿದ್ದಳು. ನಾನು ತಣ್ಣೀರಿನ ಬಟ್ಟೆ ಇಟ್ಟೆ. ಅವಳು ನನ್ನ ಕೈ ಹಿಡಿದುಕೊಂಡು ಹೇಳಿದಳು: "ನೀವಿಲ್ಲದಿದ್ದರೆ ನಾನೂ ಅಲ್ಲೇ ಹೋಗಿಬಿಡ್ತಿದ್ದೆ ಅಕ್ಕ. ನಿಮ್ಮ ಋಣ ದೊಡ್ಡದು." ನಾನು ಕೈ ಬಿಡಿಸಿಕೊಂಡು ಬಟ್ಟೆ ಒದ್ದೆ ಮಾಡಲು ನಲ್ಲಿಗೆ ಹೋದೆ.

ಅಲ್ಲಿಯ ಲೇಡಿ ಡಾಕ್ಟರು ಚಿಕ್ಕ ವಯಸ್ಸಿನವರು. ಅವಳಿಗೆ ಏನು ಕೆಲಸ ಅಂತ ಕೇಳಿದ ಮೊದಲ ಡಾಕ್ಟರು ಅವರೇ. ಕುರಿ ಅಂದಕೂಡಲೇ ರಕ್ತ ತೆಗೆಸಿದರು. ಫಲಿತಾಂಶ ಬಂದ ಮೇಲೆ ಸಾಲುಮನೆಗೇ ಬಂದು ನಮ್ಮೆಲ್ಲರ ರಕ್ತ ತೆಗೆದುಕೊಂಡರು. ಮೂವತ್ತೊಂಬತ್ತು ಹೆಂಗಸರಲ್ಲಿ ಇಪ್ಪತ್ತಾರು ಜನರಿಗೆ ಸೋಂಕು ತಗುಲಿತ್ತು. ನನಗೂ ಯಾವಾಗಲೋ ಬಂದು ಹೋಗಿತ್ತು. ಮೇವಿನ ಗೋದಾಮಿನಲ್ಲಿದ್ದ ತಂಗಿಗೆ ಇರಲಿಲ್ಲ.

ನಲ್ಲಿಯ ಕಟ್ಟೆಯ ಮೇಲೆ ಕೂತು ಅವರು ಬಿಡಿಸಿ ಹೇಳಿದರು. "ನಮ್ಮ ಮೈ ಎಲ್ಲಾ ಸಣ್ಣ ಸಣ್ಣ ಜೀವಕೋಶಗಳಿಂದ ಆಗಿದೆ. ಹೊರಗಿನ ಕ್ರಿಮಿ ಬಂದರೆ ಅದನ್ನ ನುಂಗಿ ಕರಗಿಸೋಕೆ ಕೆಲವು ಕೋಶಗಳ ಒಳಗೆ ಒಂದು ಹುಳಿ ಚೀಲ ಇರುತ್ತೆ. ಬೇರೆ ಕ್ರಿಮಿ ಅಲ್ಲಿ ಸಾಯುತ್ತೆ. ಇದು ಅಲ್ಲೇ ಮನೆ ಮಾಡುತ್ತೆ. ಆ ಹುಳಿನೇ ಇದಕ್ಕೆ ಬೇಕು. ಒಳಗೇ ಬೆಳೆದು, ಕೊನೆಗೆ ಕೋಶ ಒಡೆದು ಪಕ್ಕದ್ದಕ್ಕೆ ಹೋಗುತ್ತೆ. ಹೊರಗೆ ಏನೂ ಕಾಣಲ್ಲ."

"ಇದಕ್ಕೆ ಔಷಧಿ ಇಲ್ವಾ ಮೇಡಂ?" ಅಂದಳು ಗಿಣಿ.

"ಯಾಕಿಲ್ಲ? ಮಾತ್ರೆ ಇದೆ. ಬಸುರಿಯರಿಗೆ ಬೇರೆ ಮಾತ್ರೆ ಇದೆ. ಆ ಹುಡುಗಿಗೆ ಜ್ವರ ಬಂದಾಗ ಕುರಿ ವಿಷಯ ಒಬ್ಬರು ಒಂದು ಮಾತು ಹೇಳಿದ್ದರೆ ಮಗು ಉಳಿಯುತ್ತಿತ್ತೋ ಏನೋ. ಈ ಕಾಯಿಲೆ ಮೊದಲು ಪತ್ತೆಯಾಗಿದ್ದೇ ಕಸಾಯಿಖಾನೆ ಕೆಲಸಗಾರರಲ್ಲಿ. ಅಜ್ಜಂದಿರ ಕಾಲದಿಂದ ಗೊತ್ತಿರೋ ವಿಷಯ ಇದು. ನಿಮಗೆ ಯಾರೂ ಹೇಳಲಿಲ್ವಾ?"

ಎಲ್ಲರೂ ಇಲ್ಲ ಅಂದರು. ನಾನೂ ಇಲ್ಲ ಅನ್ನುವಂತೆ ತಲೆ ಆಡಿಸಿದೆ.

ಆ ಕೂಸು ಹೋದ ಎರಡು ತಿಂಗಳಿಗೆ ತಂಗಿಗೆ ದಿನ ತುಂಬಿ ಹೆರಿಗೆಯಾಯಿತು. ಹೆಣ್ಣು. ತುಂಬಿದ ಮೈ, ಜೋರು ಅಳು. ಸಾಲುಮನೆಯ ಗೋಡೆ ತೆಳು. ಮಗು ಅತ್ತರೆ ಕೊನೆಮನೆಯವರೆಗೂ ಕೇಳುತ್ತಿತ್ತು. ಅವಳು ಕಿಟಕಿ ಮುಚ್ಚಿಕೊಂಡಳು. ಸೆಕೆಗಾಲದಲ್ಲಿ ಆ ಒಂದೇ ಕಿಟಕಿ ಇಡೀ ದಿನ ಮುಚ್ಚಿರುತ್ತಿತ್ತು.

ಆಸ್ಪತ್ರೆಯಿಂದ ವರದಿ ಹೋದದ್ದರಿಂದ ಕಾರ್ಮಿಕ ಇಲಾಖೆಯ ಅಧಿಕಾರಿ ವಿಚಾರಣೆಗೆ ಬಂದರು. ಅದಕ್ಕೆ ಒಂದು ದಿನ ಮೊದಲು ಫಾರ್ಮು ಕೊನೆಮನೆಯವಳನ್ನು ಕೆಲಸದಿಂದ ತೆಗೆದಿತ್ತು. ಬಸಿರನ್ನು ಮುಚ್ಚಿಟ್ಟಳು, ಬೇಡವೆಂದರೂ ನಾಲ್ಕನೇ ಶೆಡ್ಡಿಗೆ ನುಗ್ಗಿದಳು, ಕೊಟ್ಟ ಕೈಗವಸು ಹಾಕಲಿಲ್ಲ. ಇಷ್ಟು ಕಾರಣ. ವಾರದೊಳಗೆ ಮನೆ ಬಿಡಬೇಕು. ಅವಳ ಗಂಡ ಬೇರೆ ಕಡೆ ಕೆಲಸ, ಮನೆ ಹುಡುಕಿಕೊಂಡು ಹೊರಟುಹೋದ.

ವಿಚಾರಣೆಗೆ ನನ್ನನ್ನು ಆಫೀಸಿನ ಒಳಗೆ ಕರೆದರು. ಹದಿನೇಳು ವರ್ಷದಲ್ಲಿ ಮೊದಲ ಸಲ. ನಾನು ಕೂರುವ ಮೊದಲು ಮ್ಯಾನೇಜರು ಕುರ್ಚಿಯ ಮೇಲೆ ಹಳೇ ಪೇಪರು ಹಾಸಿದರು. ಅಧಿಕಾರಿ ಅದನ್ನು ನೋಡಿಯೂ ನೋಡದಂತೆ ಇದ್ದರು. ಮೇಜಿನ ಮೇಲೆ ಟೈಪು ಮಾಡಿದ ಹಾಳೆ. ಮೇಸ್ತ್ರಿಯ ಹೇಳಿಕೆ ಅಂತ ಮೇಲೆ ಬರೆದಿತ್ತು. ನನ್ನ ಹೇಳಿಕೆ, ನಾನು ಹೇಳುವ ಮೊದಲೇ ತಯಾರಾಗಿತ್ತು.

"ಓದೋಕೆ ಬರುತ್ತಾ? ನಾನೇ ಓದ್ತೀನಿ" ಅಂದರು ಮ್ಯಾನೇಜರು. ಓದಿದರು. ಆಮೇಲೆ ಬಗ್ಗಿ, ನನಗಷ್ಟೇ ಕೇಳುವ ಹಾಗೆ ಅಂದರು: "ತಂಗಿ ಮಗು ಚೆನ್ನಾಗಿದೆಯಂತೆ? ಅವತ್ತು ನಾನು ದಾರಿ ತೋರಿಸದೆ ಇದ್ದಿದ್ದರೆ? ಸಹಿ ಹಾಕು. ನಾನೂ ನೀನೂ ಒಂದೇ ದೋಣಿಯವರು."

ಆ ಮಾತು ನಿಜ. ನಿಜವಾದ್ದರಿಂದಲೇ ಮೈಗೆ ಬೆಂಕಿ ಬಿತ್ತು. ಅವರು ಮೂಗು ಮುಚ್ಚಿಕೊಂಡು ಮಾತಾಡಿಸಿದ ವರ್ಷಗಳಷ್ಟೂ ನಾನು ಅವರಿಗೆ ಹೊಲಸಾಗಿದ್ದೆ. ಸುಳ್ಳಿಗೆ ಮಾತ್ರ ಜೊತೆಗಾತಿ ಆದೆನಲ್ಲ.

ಪೆನ್ನು ಕೆಳಗಿಟ್ಟೆ.

"ಇದು ನನ್ನ ಮಾತಲ್ಲ ಸಾರ್" ಅಂದೆ ಅಧಿಕಾರಿಗೆ. "ಅವಳು ನುಗ್ಗಲಿಲ್ಲ. ನಾನು ಕಳಿಸಿದೆ."

"ಸರಿಯಾಗಿ ಯೋಚನೆ ಮಾಡಿ ಹೇಳಮ್ಮ."

"ಯೋಚನೆ ಮಾಡೇ ಹೇಳ್ತಿದ್ದೀನಿ. ಕುರಿ ಡಾಕ್ಟರು ನನಗೂ ಇವರಿಗೂ ಒಟ್ಟಿಗೇ ಹೇಳಿದ್ರು, ಬಸುರಿಯರನ್ನ ಬಿಡಬೇಡಿ, ಎಲ್ಲರಿಗೂ ಕೈಗವಸು ಕೊಡಿ ಅಂತ. ಇವರು ಬಾಯಿ ಮುಚ್ಕೋ ಅಂದ್ರು. ಮುಚ್ಕೊಂಡೆ. ಅವಳು ಬಸುರಿ ಅಂತ ನನಗೊಬ್ಬಳಿಗೇ ಹೇಳಿದ್ದಳು. ನನ್ನ ತಂಗಿನ ತೆಗೆದು ಅವಳನ್ನ ಹಾಕಿದೆ. ಕೈಗವಸು ಈ ಹದಿನೇಳು ವರ್ಷದಲ್ಲಿ ನಾನು ಕಣ್ಣಲ್ಲಿ ನೋಡಿದ್ದು ಡಾಕ್ಟರ ಕೈಮೇಲೆ ಮಾತ್ರ. ಬರ್ಕೊಳ್ಳಿ."

ಮ್ಯಾನೇಜರು ಎದ್ದು ನಿಂತರು. "ಸಾರ್, ಇವಳಿಗೆ ತಲೆ ಕೆಟ್ಟಿದೆ."

"ಇದು ನಿಮ್ಮ ಮೇಲೂ ಬರುತ್ತೆ, ಗೊತ್ತಾ?" ಅಂದರು ಅಧಿಕಾರಿ ನನಗೆ.

"ಬರಲಿ ಸಾರ್. ಬರಬೇಕು."

ಹೊರಗೆ ಕಿಟಕಿಯ ಬಳಿ ಹೆಂಗಸರು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಗಿಣಿ ನನ್ನ ಎದುರು ಬಂದಳು. ಯಾವತ್ತೂ ಮಾತಿಗೆ ತಡವರಿಸದವಳು ಅವತ್ತು ತಡವರಿಸಿದಳು. "ನಮಗೂ ಹೇಳಲಿಲ್ಲವಲ್ಲ ದೊಡ್ಡಕ್ಕ. ದಿನಾ ನಿಮ್ಮ ಪಕ್ಕದಲ್ಲೇ ಕೂತು ಉಂಡ್ವಿ." ನೆಲಕ್ಕೆ ಉಗಿದಳು. ನನ್ನ ಮೇಲೆ ಉಗಿದಿದ್ದರೂ ಒರೆಸಿಕೊಳ್ಳುತ್ತಿರಲಿಲ್ಲ.

ಮಾರನೇ ದಿನದಿಂದ ಯಾರೂ ಮಾಸು ಎತ್ತಲಿಲ್ಲ. ಎಲ್ಲರೂ ಗೇಟಿನ ಮುಂದೆ ಕೂತರು. ಕೈಗವಸು, ಮಾಸ್ಕು, ಬೂಟು, ಎಲ್ಲರಿಗೂ ಔಷಧಿ, ಕೊನೆಮನೆಯವಳಿಗೆ ಅವಳ ಮನೆ ಅಂತ ಗಿಣಿ ಕೂಗಿದಳು. ಶೆಡ್ಡಿನ ನಾತ ಆಫೀಸಿಗೆ ಹೊಡೆಯಿತು. ಮ್ಯಾನೇಜರು ಹೊರಗಿನಿಂದ ಆಳು ತರಿಸಿದರು. ವಿಷಯ ಕೇಳಿ ಅವರೂ ಗೇಟಿನಿಂದಲೇ ತಿರುಗಿದರು. ನಾನೂ ಕೂತಿದ್ದೆ, ಒಂದು ತುದಿಯಲ್ಲಿ. ನನ್ನ ಪಕ್ಕದ ಜಾಗ ಖಾಲಿ ಬಿಟ್ಟು ಉಳಿದವರು ಕೂತರು. ಐದನೇ ದಿನ ಲಾರಿಯಲ್ಲಿ ಪೆಟ್ಟಿಗೆಗಳು ಬಂದವು. ಕೊನೆಮನೆಯನ್ನು ಖಾಲಿ ಮಾಡಿಸುವುದು ನಿಂತಿತು. ಮ್ಯಾನೇಜರನ್ನು ಬೇರೆ ಫಾರ್ಮಿಗೆ ಕಳಿಸಿದರು, ಅಷ್ಟೇ. ನನ್ನನ್ನು ಕೆಲಸದಿಂದ ತೆಗೆದರು, ಮನೆಯೂ ಹೋಯಿತು. ನನ್ನ ಪರವಾಗಿ ಯಾರೂ ಕೂಗಲಿಲ್ಲ. ಕೂಗಬೇಕಾಗಿಯೂ ಇರಲಿಲ್ಲ.

ತಂಗಿಯ ಮನೆಗೆ ಹೋದೆ. ಮಗು ತೊಟ್ಟಿಲಲ್ಲಿತ್ತು. ಅವಳು ಬಾಗಿಲಿಗೆ ಅಡ್ಡ ನಿಂತಳು.

"ನಿನಗೋಸ್ಕರ ಮಾಡಿದೆ ಅಂತ ಮಾತ್ರ ಹೇಳಬೇಡ ಅಕ್ಕ. ನಾನು ಕೇಳಿರಲಿಲ್ಲ. ನನಗೆ ಒಂದು ಮಾತು ಹೇಳಿದ್ದರೆ ನಾನೇ ಹೋಗಿ ಅವಳಿಗೆ ಹೇಳ್ತಿದ್ದೆ. ಇಬ್ಬರೂ ಕೆಲಸ ಬಿಡ್ತಿದ್ವಿ. ಈಗ ಈ ಮಗು ಮುಖ ನೋಡಿದಾಗಲೆಲ್ಲ ನನಗೆ ಆ ಮಗು..." ಬಾಗಿಲು ಹಾಕಿಕೊಂಡಳು.

ಕೊನೆಮನೆಗೆ ವಿಚಾರಣೆಯ ಸಂಜೆಯೇ ಹೋಗಿದ್ದೆ. ಬೇರೆಯವರ ಬಾಯಿಂದ ಅವಳು ಕೇಳಬಾರದು ಅಂತ. ನಿಂತುಕೊಂಡೇ ಹೇಳಿದೆ. ಅವಳು ಗೋಡೆಗೊರಗಿ ಕೂತು ಎಲ್ಲ ಕೇಳಿದಳು. ಅಳಲಿಲ್ಲ. ಬೈಯಲಿಲ್ಲ. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ನಾನು ಹೇಳಿ ಮುಗಿಸಿದ ಮೇಲೆ ಅಂದಳು: "ಆಸ್ಪತ್ರೆಯಲ್ಲಿ ನಿಮಗೆ ಒಂದು ಮಾತು ಹೇಳಿದ್ದೆ. ನಿಮ್ಮ ಋಣ ದೊಡ್ಡದು ಅಂತ. ಅದನ್ನ ವಾಪಸ್ ಕೊಡಿ."

"ತಗೋ" ಅಂದೆ.

"ಹೋಗಿ ಈಗ."

ಮೂರು ತಿಂಗಳಾದ ಮೇಲೆ ಅವಳೇ ಹೇಳಿ ಕಳಿಸಿದಳು. ಜ್ವರ ಮರುಕಳಿಸುತ್ತಿತ್ತು, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು. ಕ್ರಿಮಿ ಹೃದಯದ ಕವಾಟಕ್ಕೆ ಸೇರಿದೆಯೇನೋ, ನೋಡಬೇಕು ಅಂತ ಲೇಡಿ ಡಾಕ್ಟರು ಬರಹೇಳಿದ್ದರು. ಜೊತೆಗೊಬ್ಬರು ಬೇಕು. ಗಂಡ ದೂರದಲ್ಲಿದ್ದ. ಗಿಣಿಗೆ ರಜೆ ಇಲ್ಲ. "ನಿಮಗೆ ಈಗ ಕೆಲಸ ಇಲ್ಲವಲ್ಲ. ಬನ್ನಿ" ಅಂದಳು, ಅಷ್ಟೇ.

ಬಸ್ಸಿನಲ್ಲಿ ಅವಳು ಕಿಟಕಿ ಕಡೆ ಮುಖ ಮಾಡಿಕೊಂಡಿದ್ದಳು. ಇಳಿದ ಮೇಲೆ ನಾಲ್ಕು ಹೆಜ್ಜೆಗೊಮ್ಮೆ ನಿಂತಳು. ತೋಳು ಹಿಡಿಯಲು ಹೋದೆ. ಬಿಡಿಸಿಕೊಂಡಳು. ಇನ್ನು ನಾಲ್ಕು ಹೆಜ್ಜೆ ಹೋದ ಮೇಲೆ ತಾನೇ ಹಿಡಿದುಕೊಂಡಳು.

ಕೌಂಟರಿನಲ್ಲಿ ಕನ್ನಡಕದ ಗುಮಾಸ್ತ ಫಾರಂ ತುಂಬಿಸುತ್ತಿದ್ದ. ವಯಸ್ಸು ಕೇಳಿದ. ವಿಳಾಸ ಕೇಳಿದ. ಎಷ್ಟು ಮಕ್ಕಳು ಅಂತ ಕೇಳಿದ.

"ಒಂದು. ಸತ್ತಿದೆ" ಅಂದಳು.

ಅವನು ತಲೆಯೆತ್ತದೆ ಬರೆದುಕೊಂಡ. "ಜೊತೆಗೆ ಬಂದವರು ಯಾರು?"

ನಾನು ನನ್ನ ಹೆಸರು ಹೇಳಿದೆ.

"ಸಂಬಂಧ? ನೀವು ಇವರಿಗೆ ಏನಾಗಬೇಕು? ಅಮ್ಮನಾ, ಅಕ್ಕನಾ?"

ನಾನು ಅವಳ ಕಡೆ ತಿರುಗಿದೆ.

ಅವಳು ಕೌಂಟರಿನ ಅಂಚು ಹಿಡಿದು ಉಸಿರು ತೆಗೆದುಕೊಂಡಳು. "ನನ್ನನ್ನ ಆ ಶೆಡ್ಡಿಗೆ ಕಳಿಸಿದವರು" ಅಂದಳು. "ಹಾಗೇ ಬರ್ಕೊಳ್ಳಿ."

ಗುಮಾಸ್ತ ಪೆನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದ. ತಮಾಷೆಯೋ ನಿಜವೋ ಅವನಿಗೆ ತಿಳಿಯಲಿಲ್ಲ.

"ಹೌದು. ಬರ್ಕೊಳ್ಳಿ" ಅಂದೆ.